ಬರ್ತೀನಿ ಅಂದವರ ಊರು

ನಮ್ಮೂರ ಕಾಲೇಜಿನಲ್ಲಿ ಅರ್ಥಶಾಸ್ತ್ರ ವಿಭಾಗ ಇರುವುದಕ್ಕೆ ಕಾರಣ ಒಂದು ತಟ್ಟೆ ಒಗ್ಗರಣೆ ಅವಲಕ್ಕಿ. ಅನಂತಶಯನ ಮೇಷ್ಟ್ರು ಪರೀಕ್ಷೆಯ ಮೇಲ್ವಿಚಾರಣೆಗೆಂದು ಒಂದು ದಿನದ ಮಟ್ಟಿಗೆ ಇಲ್ಲಿಗೆ ಬಂದವರು. ಕೆಲಸ ಮುಗಿಸಿ, ಹೆಡ್ ಕ್ಲರ್ಕ್ ರಾಜಪ್ಪನ ಮನೆಯಲ್ಲಿ ಅವಲಕ್ಕಿ ತಿಂದು, ಕಾಫಿ ಕುಡಿದು, ಮರ್ಯಾದಸ್ಥರು ಎಲ್ಲ ಕಡೆ ಹೇಳುವ ಹಾಗೆ ಆ ಮನೆಯಾಕೆಗೆ ಕೈ ಮುಗಿದು "ಬರ್ತೀನಮ್ಮ" ಅಂದರು. ಬಸ್ಸು ಹತ್ತಿದರು. ಮರುದಿನ ದೀಪ ಹಚ್ಚುವ ಹೊತ್ತಿಗೆ ಅದೇ ಬಾಗಿಲಲ್ಲಿ ಬ್ಯಾಗು ಹಿಡಿದುಕೊಂಡು, ತಾವು ಯಾಕೆ ಬಂದೆವೆಂದು ತಮಗೇ ತಿಳಿಯದವರ ಹಾಗೆ ನಿಂತಿದ್ದರು. ರಾಜಪ್ಪನ ಹೆಂಡತಿ ಆಶ್ಚರ್ಯವನ್ನೇನೂ ಪಡಲಿಲ್ಲ. "ಬನ್ನಿ, ಕೈಕಾಲು ತೊಳಕೊಳ್ಳಿ. ಇವತ್ತು ಉಪ್ಪಿಟ್ಟು" ಅಂದಳು.

ನಮ್ಮೂರಲ್ಲಿ ಆ ಮಾತು ಹಾಗೆಯೇ. ಯಾರಿಗೆ "ಬರ್ತೀನಿ" ಅಂತೀರೋ, ಮರುದಿನ ದೀಪದ ಹೊತ್ತಿಗೆ ಅವರ ಮುಂದೆ ನಿಂತಿರುತ್ತೀರಿ. ಯಾರೂ ರಟ್ಟೆ ಹಿಡಿದು ಎಳೆಯುವುದಿಲ್ಲ. ಏನೋ ಒಂದು ನೆಪ ಸಿಗುತ್ತದೆ, ಅಷ್ಟೆ. ಕನ್ನಡಕ ಮರೆತಿರುತ್ತೀರಿ, ಇಲ್ಲವೇ ತಪ್ಪು ಬಸ್ಸಿನಲ್ಲಿ ಕೂತು ನಿದ್ದೆ ಹೋಗಿರುತ್ತೀರಿ. ಒಂದು ಸಲ ಬಂದು ನಿಂತಿರೋ, ಮಾತು ತೀರಿತು. ಆಮೇಲೆ ನಿಮ್ಮ ದಾರಿ ನಿಮಗೆ. ಆದರೆ ಅನಂತಶಯನ ಮೇಷ್ಟ್ರಂಥವರು ಎರಡನೇ ಸಲ ಹೊರಡುವಾಗಲೂ ಉಪ್ಪಿಟ್ಟು ತಿಂದ ಮನೆಗೆ ಏನು ಹೇಳುತ್ತಾರೆ? ಮತ್ತೆ ಅದೇ. ಹೀಗೆ ಕೆಲವು ಸಲ ಬಂದು ಹೋಗಿ ಸೋತು, ಕೊನೆಗೆ ಇಲ್ಲಿಗೇ ವರ್ಗ ಮಾಡಿಸಿಕೊಂಡರು. ನಮ್ಮ ಡಾಕ್ಟರೂ ಹಾಗೆ ಸಿಕ್ಕವರೇ, ಪೋಸ್ಟ್ ಮಾಸ್ಟರೂ ಅಷ್ಟೇ. ವಿಜ್ಞಾನದ ಮೇಷ್ಟ್ರುಗಳು ಮಾತ್ರ ಒಬ್ಬರೂ ನಿಲ್ಲಲಿಲ್ಲ. ಪಾಠ ಮುಗಿದ ತಕ್ಷಣ ತಲೆ ತಗ್ಗಿಸಿ ಹೊರಟುಬಿಡುವ ಜಾತಿ ಅವರದು. ಹಾಗಾಗಿ ನಮ್ಮ ಕಾಲೇಜಿನಲ್ಲಿ ವಿಜ್ಞಾನ ಇಲ್ಲ. ಯಾರು ಯಾರು ಮರ್ಯಾದಸ್ಥರೋ ಅವರವರ ವಿಷಯ ಮಾತ್ರ ಇದೆ.

"ಹೋಗ್ತೀನಿ" ಅಂದರಾಗದೇ ಎಂದು ಕೇಳಬೇಡಿ. ಆ ಮಾತೂ ನಡೆಯುತ್ತದೆ. ಬಳೆ ಅಂಗಡಿ ಚನ್ನವೀರಪ್ಪ ಸಾರಿಗೆ ಉಪ್ಪು ಜಾಸ್ತಿಯಾಯಿತೆಂದು ಸಿಟ್ಟಿನಲ್ಲಿ ಹೆಂಡತಿಗೆ "ಹೋಗ್ತೀನಿ" ಅಂದು ಹೊರಟವನು ಇವತ್ತಿಗೂ ಮನೆ ಸೇರಿಲ್ಲ. ಪಾಪ, ಬರುವುದಕ್ಕೆ ನೋಡುತ್ತಾನೆ. ಊರಾಚೆಯ ಸೇತುವೆ ಹತ್ತಿರ ಬರುತ್ತಿದ್ದ ಹಾಗೆ ಬಸ್ಸು ಕೆಟ್ಟು ನಿಲ್ಲುತ್ತದೆ. ಯುಗಾದಿಗೆ ಅವನ ಹೆಂಡತಿ ಸೇತುವೆತನಕ ನಡೆದು ಹೋಗಿ ಹೋಳಿಗೆ ಸಾರು ಕೊಟ್ಟು ಬರುತ್ತಾಳೆ. ಈಗ ಉಪ್ಪು ಸರಿಯಾಗಿದೆಯಂತೆ.

ಹೀಗಾಗಿ ನಾವು ಊರವರು ಎರಡು ಮಾತನ್ನೂ ಬಿಟ್ಟು, ಹೊರಡುವಾಗ "ಬಾಗಿಲು ಹಾಕ್ಕೊಳ್ಳಿ" ಅನ್ನುತ್ತೇವೆ. ಫೋನಿನಲ್ಲಿ "ಇಡ್ತೀನಿ" ಅನ್ನುತ್ತೇವೆ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಾರೆ. ದುಃಖ ಇಲ್ಲ ಅಂತಲ್ಲ, ಬಾಯಿ ತಪ್ಪದಿರಲಿ ಅಂತಲೂ ಹೌದು.

ನಾನು ನೀಲಮ್ಮ. ತಮ್ಮ ಶಿವಸ್ವಾಮಿಯ ಹಿಟ್ಟಿನ ಗಿರಣಿಯಲ್ಲಿ ಡಬ್ಬ ಇಳಿಸಿಕೊಳ್ಳುವುದು, ಯಾರ ಹಿಟ್ಟು ಯಾರದೆಂದು ನೆನಪಿಟ್ಟುಕೊಳ್ಳುವುದು ನನ್ನ ಕೆಲಸ. ಗಿರಣಿಯ ಹಿಂದೆಯೇ ಮನೆ. ಶಿವಸ್ವಾಮಿಗೆ ಒಬ್ಬಳೇ ಮಗಳು, ಕಾತ್ಯಾಯಿನಿ. ಅವಳಿನ್ನೂ ಲಂಗ ಹಾಕುತ್ತಿದ್ದ ವಯಸ್ಸಿನಲ್ಲಿ ಅವಳ ತಾಯಿಗೆ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಬಾಯಿ ಓರೆಯಾಗಿ ಮಾತು ನಿಂತಿತು. ನಗರದ ಆಸ್ಪತ್ರೆಗೆ ಕರೆದುಕೊಂಡು ಹೊರಟೆವು. ಮಗು ಮಲಗಿದೆ ಎಂದು ಶಿವಸ್ವಾಮಿ ಮನೆಯಲ್ಲಿ ಉಳಿದ. ವ್ಯಾನಿನಲ್ಲಿ ಮಲಗಿಸಿದಾಗ ಆಕೆ ಗಂಡನ ಕಡೆ ನೋಡಿದಳು, ತುಟಿ ಅಲ್ಲಾಡಿತು, ಮಾತು ಬರಲಿಲ್ಲ. ಆಕೆ ಮರಳಲಿಲ್ಲ. "ಹೇಳಿ ಹೋಗಿದ್ದಿದ್ರೆ ಬರ್ತಿದ್ದಳು ಅಕ್ಕ" ಎಂದು ಅವನು ಎಷ್ಟೋ ಸಲ ಅಂದಿದ್ದಾನೆ. ಡಾಕ್ಟರು ಹೇಳಿದ್ದು ಬೇರೆ. ಆದರೆ ನಾನು ಅವನನ್ನು ತಿದ್ದಲು ಹೋಗಲಿಲ್ಲ. ಅಲ್ಲಿಂದಾಚೆ ಅವನು ನಗರದ ಬಸ್ಸು ಹತ್ತಿಲ್ಲ. ಮಗಳು ಪಕ್ಕದ ಬೀದಿಗೆ ಹೋಗುವಾಗಲೂ ಅವಳ ಬಾಯಿಂದ ಆ ಮಾತು ಬರಲೇಬೇಕು. ಊರಲ್ಲೆಲ್ಲ ಬಿಟ್ಟ ಮಾತು ನಮ್ಮ ಹೊಸ್ತಿಲಲ್ಲಿ ಮಾತ್ರ ಉಳಿದುಕೊಂಡಿತು.

ಕಾತ್ಯಾಯಿನಿ ಬಿ.ಎ. ಸೇರಿ ಅರ್ಥಶಾಸ್ತ್ರ ತೆಗೆದುಕೊಂಡಳು. ಮೇಷ್ಟ್ರು ಒಳ್ಳೆಯವರು, ಪಾಠವೂ ಚೆನ್ನಾಗಿತ್ತಂತೆ. ಕೂಲಿಗಾರರು ಕೆಲಸ ಹುಡುಕಿಕೊಂಡು ಊರಿಂದೂರಿಗೆ ಹೋಗುವ ಪಾಠ ಬಂದಾಗ ಮಾತ್ರ ಅವರು ಸೀಮೆಸುಣ್ಣ ಕೆಳಗಿಟ್ಟು ಕಿಟಕಿಯಾಚೆ ಬಸ್ ನಿಲ್ದಾಣದ ಕಡೆ ಸ್ವಲ್ಪ ಹೊತ್ತು ನೋಡುತ್ತಿದ್ದರಂತೆ. ಇವಳು ಮೊದಲ ವರ್ಷದಲ್ಲೇ ಅವರ ಮಾತುಗಳನ್ನು ಮನೆಗೆ ತಂದಳು. ಒಂದು ದಿನ ಹುಳಿ ರುಚಿ ನೋಡಿ, "ಇತರ ಅಂಶಗಳು ಸ್ಥಿರವಾಗಿದ್ದರೆ ಅತ್ತೆ, ಇದಕ್ಕೆ ಇನ್ನೊಂಚೂರು ಬೆಲ್ಲ ಬೇಕು" ಅಂದಳು.

"ಈ ಮನೇಲಿ ಸ್ಥಿರವಾಗಿರೋದು ನಿಮ್ಮಪ್ಪನ ಹಟ ಒಂದೇ ಕಣೆ. ಬೆಲ್ಲ ಡಬ್ಬೀಲಿದೆ, ಹಾಕ್ಕೋ" ಅಂದೆ.

ಎರಡನೇ ವರ್ಷದ ರಜೆಯಲ್ಲಿ ಇಂಟರ್ನ್‌ಶಿಪ್ ಎಂದು ಶುರುವಾಯಿತು. ಓದುವ ಮಕ್ಕಳು ಹೋಗಿ ಆಫೀಸುಗಳಲ್ಲಿ ಕೆಲಸ ಕಲಿಯುವುದಂತೆ. ನಗರದ ಒಂದು ಸಹಕಾರ ಬ್ಯಾಂಕಿನಲ್ಲಿ ಇವಳಿಗೆ ಜಾಗ ಸಿಕ್ಕಿತು. ನಾನು ಮೊದಲೇ ಹೇಳಿದ್ದೆ: "ನಿಮ್ಮಪ್ಪ ಸ್ನಾನಕ್ಕೆ ಹೋದಾಗ ಹೊರಟುಬಿಡು." ಹಾಗೆಯೇ ಹೊರಟಳು. ಬಸ್ಸಿನಲ್ಲಿ ಕೂತೂ ಆಗಿತ್ತು. ಅಷ್ಟರಲ್ಲಿ ಶಿವಸ್ವಾಮಿ ಒದ್ದೆ ತಲೆಯಲ್ಲೇ, ಬನಿಯನ್ನು ತಿರುಗುಮುರುಗಾಗಿ ಹಾಕಿಕೊಂಡು, ಚಟ್ನಿಪುಡಿ ಡಬ್ಬಿ ಹಿಡಿದು ಓಡಿ ಬಂದ. ಕಿಟಕಿಯಿಂದ ಡಬ್ಬಿ ಕೊಟ್ಟ. ಏನೂ ಕೇಳಲಿಲ್ಲ, ಸುಮ್ಮನೆ ನಿಂತು ನೋಡಿದ. ಅವನಿಗೆ ಆ ಮುಖ ಒಂದು ಬರುತ್ತದೆ, ಮಳೆಯಲ್ಲಿ ನಿಂತ ಕರುವಿನ ಮುಖ. ಹುಡುಗಿ ಕರಗಿ "ಬರ್ತೀನಪ್ಪಾ" ಅಂದುಬಿಟ್ಟಳು.

ಮರುದಿನ ನಾನು ಗಿರಣಿಯಲ್ಲಿ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಇವಳು. ಸೋಪು ತರೋಣ ಎಂದು ಹಾಸ್ಟೆಲಿನಿಂದ ಹೊರಗೆ ಬಂದಳಂತೆ, ಸಿಟಿ ಬಸ್ಸೆಂದು ಯಾವುದೋ ಬಸ್ಸು ಹತ್ತಿದಳಂತೆ, ಕಣ್ಣು ಮುಚ್ಚಿ ತೆರೆದರೆ ನಮ್ಮೂರ ಸೇತುವೆ. ಕೈಯಲ್ಲಿ ಸೋಪು ಮಾತ್ರ ಇತ್ತು. ಬ್ಯಾಂಕಿನವರು ಬಾರದ ಹುಡುಗಿಯನ್ನು ಬಿಟ್ಟು ಬೇರೊಬ್ಬರನ್ನು ತೆಗೆದುಕೊಂಡರು. ಕಾತ್ಯಾಯಿನಿ ಅಪ್ಪನ ಜೊತೆ ಮಾತು ಬಿಟ್ಟಳು. ಅವನು ಅವಳ ತಟ್ಟೆಗೆ ತುಪ್ಪ ಹಾಕುತ್ತಾ, "ಡಬ್ಬಿ ಮರೆತಿದ್ದಳಲ್ಲ ಅಕ್ಕ, ಅದಕ್ಕೇ ಓಡಿದೆ" ಎಂದು ನನಗೆ ಹೇಳುತ್ತಿದ್ದ.

"ಡಬ್ಬಿ ಅಡುಗೆಮನೆ ಗೂಡಲ್ಲಿತ್ತು. ಅದನ್ನ ಅವಳ ಚೀಲದಿಂದ ತೆಗೆದು ಅಲ್ಲಿಟ್ಟೋರು ಯಾರಪ್ಪ?" ಅಂದೆ.

ಅವನು ತುಪ್ಪದ ಚಮಚ ಒರೆಸತೊಡಗಿದ.

ಕೊನೆಯ ವರ್ಷದ ಇಂಟರ್ನ್‌ಶಿಪ್ ಮಾತ್ರ ಬಿಡುವ ಹಾಗಿರಲಿಲ್ಲ. ಅದಿಲ್ಲದೆ ಡಿಗ್ರಿಯಿಲ್ಲ. ಈ ಸಲ ಬೆಲೆ ಸಮೀಕ್ಷೆ ಮಾಡುವ ಒಂದು ಕಚೇರಿ. ದಿನಾ ಮಾರುಕಟ್ಟೆಗಳಿಗೆ ಹೋಗಿ ಬೇಳೆ ಏನು ರೇಟು, ಟೊಮೆಟೊ ಏನು ರೇಟು ಎಂದು ಕೇಳಿ ಬರೆದುಕೊಂಡು ಬರಬೇಕು.

"ಬದನೆಕಾಯಿ ಎಷ್ಟು ಅಂತ ಕೇಳೋಕೆ ನಗರಕ್ಕೆ ಯಾಕಮ್ಮ ಹೋಗಬೇಕು? ನಮ್ಮ ಸಂತೇಲಿ ಕೇಳಿದ್ರೆ ಹೇಳಲ್ವಾ?" ಎಂದ ಶಿವಸ್ವಾಮಿ.

"ಇಲ್ಲಿ ಕೇಳಿದ್ರೆ ತಗೋಬೇಕು ಅಪ್ಪ. ಅಲ್ಲಿ ಬರೀ ಕೇಳಿ ಬರೋದೇ ಕೆಲಸ."

"ಕೇಳಿ ತಗೊಳ್ಳದೆ ಬಂದ್ರೆ ಅಂಗಡಿಯೋನು ಬೈಯಲ್ವಾ?"

"ಬೈಸ್ಕೊಳ್ಳೋದಕ್ಕೇ ಡಿಗ್ರಿ ಬೇಕಾಗಿರೋದು."

ಆ ಸಲ ನಾನೇ ಮುಂದೆ ನಿಂತು ಕಳಿಸಿದೆ. ಕೇಳಿಸದ ಮಾತಿಗೆ ಎಳೆತವಿಲ್ಲ ಎನ್ನುವುದು ನಮ್ಮೂರಲ್ಲಿ ಎಲ್ಲರಿಗೂ ಗೊತ್ತು. ಬೆಳಿಗ್ಗೆ ರಾಗಿ ಡಬ್ಬಗಳು ಸಾಲಾಗಿ ಬಂದು, ಗಿರಣಿಯ ಬೆಲ್ಟು ಕಿವಿ ಹರಿಯುವ ಹಾಗೆ ಸದ್ದು ಮಾಡುತ್ತಿದ್ದಾಗ ಅವಳು ಅಪ್ಪನ ಎದುರಿಗೇ ಬಂದು, ಕಾಲು ಮುಟ್ಟಿ, ಏನೇನೋ ಹೇಳಿ ಹೊರಟಳು. ಅವನು "ಆಂ? ಆಂ?" ಅನ್ನುತ್ತಲೇ ಇದ್ದ. ಗಿರಣಿ ನಿಲ್ಲಿಸುವಷ್ಟರಲ್ಲಿ ಬಸ್ಸು ಸೇತುವೆ ದಾಟಿತ್ತು. ಹಿಟ್ಟು ಮೆತ್ತಿದ ರೆಪ್ಪೆಯಲ್ಲಿ ನನ್ನನ್ನೇ ನೋಡಿದ. "ಹೇಳಿದಳಾ ಅಕ್ಕ?" ಎಂದ. "ಹೇಳಿದಳು" ಎಂದೆ. ಸುಳ್ಳೇನಲ್ಲ, ಏನೋ ಒಂದು ಹೇಳಿದ್ದಳು. ಮರುದಿನ ದೀಪದ ಹೊತ್ತಿಗೆ ಅವನು ಒಲೆಯ ಮೇಲೆ ಅವಳಿಗೂ ಸೇರಿಸಿ ಅಕ್ಕಿ ಇಟ್ಟ. ಆ ಅನ್ನ ನಾವು ಅದರ ಮರುದಿನ ಚಿತ್ರಾನ್ನ ಮಾಡಿ ತಿಂದೆವು. ನಾನು ಅವನ ಮುಖ ನೋಡದೆ ಉಂಡು ತಟ್ಟೆ ಎತ್ತಿದೆ.

ಆ ಕಚೇರಿಯ ಮೇಲಧಿಕಾರಿ ಪದ್ಮಲೋಚನಾ ಮೇಡಂ ಎನ್ನುವವರು. ನಮ್ಮೂರವರು ಎಲ್ಲಿಗೆ ಹೋದರೂ ಆ ಮಾತು ನಮ್ಮ ಬೆನ್ನಿಗಿರುತ್ತದೆ ಎಂದು ಕಾತ್ಯಾಯಿನಿಗೆ ತಿಳಿದದ್ದು ಆಕೆಯಿಂದ. ಮೊದಲ ಶನಿವಾರ ಸಂಜೆ ಕಚೇರಿ ಬಿಡುವಾಗ ಬಾಯಿ ತಪ್ಪಿ "ಬರ್ತೀನಿ ಮೇಡಂ" ಅಂದಳು. ಭಾನುವಾರ ದೀಪದ ಹೊತ್ತಿಗೆ ಮೇಡಂ ತಲೆಗೆ ಹರಳೆಣ್ಣೆ ಹಚ್ಚಿಕೊಂಡು ವರಾಂಡದಲ್ಲಿ ಕೂತಿದ್ದರೆ ಗೇಟಿನಲ್ಲಿ ಈ ಹುಡುಗಿ. "ಏನಮ್ಮ ಇದು, ಭಾನುವಾರ?" ಅಂದರಂತೆ. ಇವಳು "ಈರುಳ್ಳಿ ರೇಟು ಇಳಿದಿದೆ ಮೇಡಂ, ಹೇಳಿ ಹೋಗೋಣ ಅಂತ" ಎಂದು ಏನೋ ಒದರಿ ಓಡಿ ಬಂದಳು. ಅವತ್ತಿನಿಂದ ಹುಷಾರಾಗಿ, ನಮ್ಮೂರ ಸಭ್ಯತೆಯ ಪ್ರಕಾರ, ಸಂಜೆಯಾದರೆ ಮಾತಿಲ್ಲದೆ ಎದ್ದು ನಡೆಯತೊಡಗಿದಳು. ತೀರಾ ಎದುರಿಗೆ ಸಿಕ್ಕಿದರೆ "ಬಾಗಿಲು ಹಾಕ್ಕೊಳ್ಳಿ ಮೇಡಂ" ಅನ್ನುತ್ತಿದ್ದಳು. ಕಚೇರಿಯ ತುಂಬ ಜನ ಕೂತಿರುವಾಗ ಮೇಲಧಿಕಾರಿಗೆ ಬಾಗಿಲು ಹಾಕಿಕೋ ಎಂದರೆ ಹೇಗಿರುತ್ತದೆ ನೀವೇ ಹೇಳಿ. ಕೊನೆಗೆ ಆಕೆ ಕಾಲೇಜಿಗೆ ಬರೆದರು: ಕೆಲಸದಲ್ಲಿ ಬಹಳ ಚುರುಕು, ಅಂಗಡಿಯವರ ಬಾಯಿಂದ ನಿಜವಾದ ಬೆಲೆ ಹೊರಡಿಸುವುದರಲ್ಲಿ ಇವಳ ಸಮ ಇಲ್ಲ, ಆದರೆ ಹೇಳದೆ ಕೇಳದೆ ಎದ್ದು ಹೋಗುತ್ತಾಳೆ, ಮನೆಯಲ್ಲಿ ಸ್ವಲ್ಪ ನಯ ಕಲಿಸಿದರೆ ಒಳ್ಳೆಯದು.

ಅನಂತಶಯನ ಮೇಷ್ಟ್ರು ಇದನ್ನು ಓದಿ ನಕ್ಕು ನಕ್ಕು ಕೆಮ್ಮು ಬಂದು, ತಾವೇ ಆಕೆಗೆ ಫೋನು ಮಾಡಿ ಎಲ್ಲ ವಿವರಿಸಿದರು. ಕೊನೆಯಲ್ಲಿ, "ಅವಳು ಬರ್ತೀನಿ ಅಂದರೆ ಬಂದೇ ಬರ್ತಾಳೆ ಮೇಡಂ. ಅದಕ್ಕೇ ಅನ್ನಲ್ಲ" ಅಂದರಂತೆ. ಆಕೆ ನಂಬಿದರೋ ಬಿಟ್ಟರೋ. ಪರೀಕ್ಷೆಯ ಫಲಿತಾಂಶ ಬಂದ ವಾರದಲ್ಲೇ ಅಲ್ಲಿಂದ ಕರೆ ಬಂತು. ಕಚೇರಿಯಲ್ಲಿ ಕೆಲಸ ಇದೆ, ಸಂಜೆ ಕಾಲೇಜಿನಲ್ಲಿ ಎಂ.ಎ. ಓದಬಹುದು, ಸೋಮವಾರ ಬೆಳಿಗ್ಗೆ ಬಂದು ಸೇರಬೇಕು, ತಪ್ಪಿದರೆ ಬೇರೆಯವರು ಕಾಯುತ್ತಿದ್ದಾರೆ.

ಭಾನುವಾರ ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡಬೇಕಿತ್ತು. ನಾನು ಬೆಳಗಿನಿಂದಲೇ ಮನೆಮನೆಗೆ ಹೇಳಿ ಕಳಿಸಿ ಡಬ್ಬಗಳನ್ನು ತರಿಸಿ ಸಾಲು ಇಟ್ಟಿದ್ದೆ. ಶಿವಸ್ವಾಮಿ ಸಾಲು ನೋಡಿದ, ನನ್ನ ಮುಖ ನೋಡಿದ. ಒಂದು ಸಲ ಮೋಸ ಹೋದವನು ಎರಡನೇ ಸಲ ಹೋಗುತ್ತಾನೆಯೇ? ಮೋಟಾರು ಆರಿಸಿ, ಕೈ ಕೊಡವಿಕೊಂಡು ಹೋಗಿ ಮನೆಯ ಹೊಸ್ತಿಲ ಮೇಲೆ ಕೂತುಬಿಟ್ಟ. ಗಿರಣಿ ನಿಂತರೆ ನಮ್ಮ ಬೀದಿ ಎಷ್ಟು ನಿಶ್ಶಬ್ದ ಎನ್ನುವುದು ನನಗೆ ಅವತ್ತು ಗೊತ್ತಾಯಿತು. ಎದುರು ಮನೆಯಲ್ಲಿ ಕುಕ್ಕರು ಕೂಗಿದ್ದೂ ಕೇಳಿಸಿತು.

"ಏಳೋ, ಅವಳಿಗೆ ಹೊತ್ತಾಗ್ತಿದೆ" ಅಂದೆ.

"ನಾನೇನು ಬೇಡ ಅಂದ್ನಾ? ಹೇಳಿ ಹೋಗಲಿ."

"ಹೇಳಿದ್ರೆ ನಾಳೆ ಸಂಜೆಗೆ ಇಲ್ಲಿರ್ತಾಳೆ. ಸೇರಿದ ದಿನಾನೇ ಓಡಿ ಬಂದ್ರೆ ಕೆಲಸ ಹೋಗುತ್ತೆ. ನಿನಗೆ ಗೊತ್ತಿಲ್ವಾ?"

"ಗೊತ್ತು." ಅವನು ಅಂಗೈ ನೋಡಿಕೊಂಡ. "ಹೇಳದೆ ಹೋದ್ರೆ ಏನಾಗುತ್ತೆ ಅನ್ನೋದೂ ಗೊತ್ತು ಅಕ್ಕ."

ಕಾತ್ಯಾಯಿನಿ ಚೀಲ ಹೆಗಲಿಗೆ ಹಾಕಿಕೊಂಡು ಒಳಗೆ ನಿಂತಿದ್ದಳು. ದಾಟಿ ಹೋಗಬಹುದಿತ್ತು. ಅವನು ಸಣಕಲು ಮನುಷ್ಯ, ಪಕ್ಕದಲ್ಲಿ ಜಾಗವಿತ್ತು. ಆದರೆ ಹಾಗೆ ಹೋದರೆ ಅವನು ಮತ್ತೆ ಮೂರು ಜನದ ಅಕ್ಕಿ ಇಡುತ್ತಾನೆ, ಮತ್ತೆ ಮತ್ತೆ ಇಡುತ್ತಲೇ ಇರುತ್ತಾನೆ ಎಂದು ಅವಳಿಗೂ ಗೊತ್ತಿತ್ತು. ಚಿತ್ರಾನ್ನದ ಕಥೆ ನಾನೇ ಹೇಳಿದ್ದೆ. ಅವಳು ಚೀಲ ಇಳಿಸಿ ಅಪ್ಪನ ಪಕ್ಕ ಹೊಸ್ತಿಲ ಮೇಲೆ ಕೂತಳು. ಬಸ್ಸಿನ ಹೊತ್ತು ಹತ್ತಿರವಾಗುತ್ತಿತ್ತು.

"ಅಪ್ಪ, ಅಲ್ಲಿ ರೂಮು ನೋಡಿದೀನಿ. ಒಂದೇ ಕೋಣೆ. ಮೂಲೇಲಿ ಒಲೆ."

"ಹೂಂ."

"ನೀರು ದಿನ ಬಿಟ್ಟು ದಿನ ಬರುತ್ತಂತೆ."

"ಡ್ರಮ್ಮು ಇಟ್ಟುಕೋ. ಮುಚ್ಚಳ ಇರೋದು."

"ಮನೆ ಓನರಮ್ಮ ಹೇಳಿದ್ರು, ಹೊಸ ಒಲೆ ಹಚ್ಚಿದಾಗ ಮನೆಯೋರು ಯಾರಾದ್ರೂ ಬಂದು ಉಣ್ಣಬೇಕಂತೆ. ಒಬ್ಬಳೇ ಉಂಡ್ರೆ ಒಳ್ಳೇದಲ್ವಂತೆ."

"ನಿಮ್ಮತ್ತೇನ ಕರಕೊಂಡು ಹೋಗು."

"ಅತ್ತೆ ನನ್ನ ಅಡುಗೆಗೆ ಹೆಸರಿಡ್ತಾರೆ. ಹಿಟ್ಟು ಮುದ್ದೆಯಾಗಿದೆ, ಮುದ್ದೆ ಹಿಟ್ಟಾಗಿದೆ ಅಂತ. ನೀನಾದ್ರೆ ಏನು ಹಾಕಿದ್ರೂ ತಿಂತೀಯ."

ಶಿವಸ್ವಾಮಿಗೆ ನಗು ಬಂತು, ತಡೆದುಕೊಂಡ. "ತಿಂತೀನಿ. ಹಾಗಂತ ಈ ಗಿರಣಿ ಬಿಟ್ಟು ನಾನೆಲ್ಲಿ..."

"ಒಂದು ಹೊತ್ತು ಅಪ್ಪ. ನಾಳೆ ಸೊಪ್ಪಿನ ಸಾರು ಮಾಡ್ತೀನಿ. ಅಮ್ಮ ಮಾಡ್ತಿದ್ದಳಂತಲ್ಲ, ಬೆಳ್ಳುಳ್ಳಿ ಜಜ್ಜಿ ಹಾಕಿ. ನನಗೆ ಆ ರುಚಿ ನೆನಪಿಲ್ಲ. ಸರಿಯಾಯ್ತೋ ಇಲ್ವೋ ನೀನಲ್ಲದೆ ಯಾರು ಹೇಳ್ತಾರೆ?"

ಅವನು ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡ, ಹಿಟ್ಟು ಇನ್ನಷ್ಟು ಮೆತ್ತಿತು. "ಆಯ್ತು ಬಿಡಮ್ಮ" ಎಂದ. "ಬರ್ತೀನಿ."

ಮಾತು ಹೊರಗೆ ಬಿದ್ದ ಮೇಲೆ ಅವನಿಗೆ ಗೊತ್ತಾಯಿತು. ಬಾಯಿಗೆ ಕೈ ಒತ್ತಿಕೊಂಡ. ನನ್ನ ಕಡೆ ನೋಡಿದ. ನಾನು ಮಾಡಿನ ಕಡೆ ನೋಡಿದೆ. ಕಾತ್ಯಾಯಿನಿ ಮಾತ್ರ ಏನೂ ಆಗದವಳ ಹಾಗೆ ಸೆರಗಿನ ಹಿಟ್ಟು ಕೊಡವುತ್ತಿದ್ದಳು. ಬೇಕೆಂದೇ ಮಾಡಿದಳೇ ಎಂದು ಆಮೇಲೆ ಕೇಳಿದರೆ, ಸಾರಿನ ಆಸೆ ನಿಜವಾಗಿತ್ತು ಅತ್ತೆ ಅಂತಷ್ಟೇ ಹೇಳುತ್ತಾಳೆ. ಅಂಗಡಿಯವರ ಬಾಯಿಂದ ನಿಜವಾದ ಬೆಲೆ ಹೊರಡಿಸುವವಳಿಗೆ ಅಪ್ಪನ ಬಾಯಿಂದ ಒಂದು ಮಾತು ಹೊರಡಿಸುವುದು ದೊಡ್ಡದಲ್ಲ.

"ನಾಳೆ ದೀಪದ ಹೊತ್ತಿಗೆ!" ಎಂದು ಶಿವಸ್ವಾಮಿ ಗಾಬರಿಯಿಂದ ಎದ್ದು ನಿಂತ. "ಅಕ್ಕ, ನನ್ನ ಬಿಳೀ ಅಂಗಿ ಎಲ್ಲಿ? ಅದಕ್ಕೆ ಗುಂಡಿ ಇಲ್ಲ! ಆ ಚಪ್ಪಲಿ ಹಾಕ್ಕೊಂಡು ನಗರದಲ್ಲಿ ಓಡಾಡೋಕಾಗುತ್ತಾ?" ಎನ್ನುತ್ತಾ ಒಳಗೆ ಓಡಿದ. ಹೊಸ್ತಿಲು ಖಾಲಿಯಾಯಿತು. ಕಾತ್ಯಾಯಿನಿ ಚೀಲ ಎತ್ತಿಕೊಂಡು ನನ್ನ ಕೈ ಒಂದು ಸಲ ಹಿಸುಕಿ ನಡೆದಳು. ಅವನು ಒಳಗಿನಿಂದ, "ಬಸ್ಸಲ್ಲಿ ಬಲಗಡೆ ಕೂರಬೇಡ, ಬಿಸಿಲು!" ಎಂದು ಕೂಗಿದ. ಅವಳು ಏನು ಹೇಳಿದಳು, ಹೇಳಲಿಲ್ಲ ಎನ್ನುವುದನ್ನು ಅವನು ಅವತ್ತು ವಿಚಾರಿಸಲೇ ಇಲ್ಲ. ಪೆಟ್ಟಿಗೆಯಲ್ಲಿ ಗುಂಡಿ ಹುಡುಕುತ್ತಿದ್ದ.

ಮರುದಿನ ಮಧ್ಯಾಹ್ನ ಗಿರಣಿಯ ಬೆಲ್ಟು ತುಂಡಾಯಿತು. ಹೊಸದು ನಗರದಲ್ಲೇ ಸಿಗುವುದು. ಗುಂಡಿ ಹಾಕಿದ ಬಿಳೀ ಅಂಗಿ ತೊಟ್ಟು ಅವನು ಬಸ್ಸು ಹತ್ತಿದ. ಕಿಟಕಿಯ ಸರಳು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ. ಅಷ್ಟು ವರ್ಷ ಹೋಗದ ದಾರಿ ಅದು, ನಡುವೆ ಆ ಆಸ್ಪತ್ರೆಯೂ ಸಿಗುತ್ತದೆ. ಬಸ್ಸು ಅಲ್ಲಿ ನಿಂತಾಗ ಕಣ್ಣು ಮುಚ್ಚಿಕೊಳ್ಳೋಣ ಅಂದುಕೊಂಡಿದ್ದನಂತೆ, ಪಕ್ಕದಲ್ಲಿ ಯಾರೋ ಮುದುಕಿ ತನ್ನ ಗಂಟು ಎತ್ತಿ ಕೊಡು ಎಂದಳಂತೆ, ಎತ್ತಿ ಕೊಟ್ಟು ಕೂರುವಷ್ಟರಲ್ಲಿ ಆಸ್ಪತ್ರೆ ಹಿಂದೆ ಹೋಗಿತ್ತಂತೆ. ದೀಪದ ಹೊತ್ತಿಗೆ ಮಗಳ ಬಾಗಿಲಲ್ಲಿದ್ದ. ಸಾರಿಗೆ ಬೆಳ್ಳುಳ್ಳಿ ಹೆಚ್ಚಾಗಿತ್ತು. ಅವನು ಮೂರು ಸಲ ಹಾಕಿಸಿಕೊಂಡು ಉಂಡು, "ಹತ್ತಿರ ಬಂದಿದೆ, ಆದರೆ ಅದಲ್ಲ. ಇನ್ನೊಂದು ಸಲ ಮಾಡಿ ನೋಡಬೇಕು" ಅಂದನಂತೆ.

ಬೆಳಿಗ್ಗೆ ಹೊರಡುವಾಗ ಅವನಿಗೆ ಯಾವ ಅವಸರವೂ ಇರಲಿಲ್ಲ, ಯಾರ ಒತ್ತಾಯವೂ ಇರಲಿಲ್ಲ. ಬಾಗಿಲು ಹಾಕಿಕೋ ಎಂದು ಹೇಳಿ ಬರಬಹುದಿತ್ತು. ಚಪ್ಪಲಿ ಮೆಟ್ಟಿ, ಬೀದಿಯ ತನಕ ಹೋಗಿ, ಮತ್ತೆ ಹಿಂದಕ್ಕೆ ಬಂದು, ಮೇಲಿನ ಮನೆಯವರಿಗೂ ಕೇಳಿಸುವ ಹಾಗೆ ಗಟ್ಟಿಯಾಗಿ, ಒಂದೊಂದೇ ಅಕ್ಷರ ಬಿಡಿಸಿ, "ಬರ್ತೀನಮ್ಮ" ಅಂದನಂತೆ.

ಈಗ ಗಿರಣಿಯ ಪಾಡೆಲ್ಲ ನನ್ನದೇ. ಮಗಳಿಗೆ ಆ ಮಾತು ವಾರಕ್ಕೊಂದು ಸಲ ಮಾತ್ರ ಹೇಳೋ, ಡಬ್ಬಗಳು ಸಾಲು ನಿಂತಿವೆ ಎಂದು ಬೈದರೆ, "ಏನು ಮಾಡಲಿ ಅಕ್ಕ, ಬಾಯಿ ತಪ್ಪುತ್ತೆ" ಅನ್ನುತ್ತಾನೆ. ನಗರದ ಬಸ್ಸಿನ ಕಂಡಕ್ಟರು ಅವನಿಗೆಂದು ಎಡಗಡೆ ಕಿಟಕಿಯ ಸೀಟಿನ ಮೇಲೆ ಟವೆಲು ಹಾಸಿಟ್ಟಿರುತ್ತಾನೆ.